ಪೆಟ್ಟಿಗೆಯ ವಾಟು, ಮೀಟರಿನ ವಾಟು

ದೀಪಾವಳಿಯ ಹಿಂದಿನ ವಾರ ಹೊಸಪೇಟೆಯ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ನಿಂತಿದ್ದೆ. ಕಂಪ್ಲಿ ಕಡೆಯ ರೈತರೊಬ್ಬರು ಮಗನ ಹಟಕ್ಕೆ ಸೋತು ಹೋಮ್ ಥಿಯೇಟರ್ ಕೊಳ್ಳಲು ಬಂದಿದ್ದರು. ಪೆಟ್ಟಿಗೆಯ ಮೇಲೆ ಬೆಂಕಿ ಉಗುಳುವ ಸ್ಪೀಕರಿನ ಚಿತ್ರ, ಅದರ ಕೆಳಗೆ ದಪ್ಪಕ್ಷರದಲ್ಲಿ 15,000 ವಾಟ್. ಅವರು ಅದನ್ನೇ ದಿಟ್ಟಿಸಿ ನೋಡಿ, "ಅಲ್ಲಪ್ಪಾ, ನಮ್ಮ ಬೋರಿನ ಮೋಟರೇ ಐದು ಎಚ್‌ಪಿ ಐತೆ. ಇದು ಅದಕ್ಕಿಂತ ಜಾಸ್ತಿ ಕರೆಂಟು ಎಳೀತೈತೇನು?" ಎಂದು ಕೇಳಿದರು. ಅಂಗಡಿಯ ಹುಡುಗ, "ಏನಿಲ್ಲ ಅಣ್ಣ, ಮೊಬೈಲ್ ಚಾರ್ಜರ್ ಇದ್ದಂಗೆ" ಎಂದುಬಿಟ್ಟ.

ಹುಡುಗನ ಉತ್ತರ ತಪ್ಪು. ರೈತರ ಪ್ರಶ್ನೆ ಮಾತ್ರ ನೂರಕ್ಕೆ ನೂರು ಸರಿ. ಒಂದು ಎಚ್‌ಪಿ ಎಂದರೆ 746 ವಾಟ್, ಐದು ಎಚ್‌ಪಿಯ ಪಂಪು ಸುಮಾರು 3,700 ವಾಟಿನ ದುಡಿಮೆಗಾರ. ಪೆಟ್ಟಿಗೆಯ ಮಾತು ನಿಜವಾದರೆ ಆ ಪುಟ್ಟ ಡಬ್ಬಿ ಅಂಥ ನಾಲ್ಕು ಪಂಪುಗಳ ಸಮ. 230 ವೋಲ್ಟಿನ ಮನೆ ಲೈನಿನಲ್ಲಿ 65 ಆಂಪಿಯರ್ ಹರಿಯಬೇಕು, ಪ್ಲಗ್ಗು ಚುಚ್ಚಿದ ಗಳಿಗೆಯಲ್ಲೇ ಎಂಸಿಬಿ ಬೀಳಬೇಕು. ಡಬ್ಬಿಯನ್ನು ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ ಒಂದು ಆಂಪಿಯರಿನ ಫ್ಯೂಸ್ ಇತ್ತು. ಅದರ ಪ್ರಕಾರ ಬಹಳವೆಂದರೆ 230 ವಾಟ್, ಅದೂ ಫ್ಯೂಸ್ ಸುಡುವ ಅಂಚಿನಲ್ಲಿ. ಒಂದೇ ಡಬ್ಬಿಯ ಮುಂದೆ ಒಂದು ಅಂಕಿ, ಹಿಂದೆ ಇನ್ನೊಂದು. ನಡುವೆ ಅರುವತ್ತೈದು ಪಟ್ಟು ಅಂತರ.

ಮುಂದಿನ ಅಂಕಿಗೆ ಪಿಎಂಪಿಒ ಎಂದು ಹೆಸರು. ಕ್ಷಣದ ಸಾವಿರದಲ್ಲೊಂದು ಭಾಗದಷ್ಟು ಹೊತ್ತು, ಕೆಪಾಸಿಟರಿನಲ್ಲಿ ಕೂಡಿಟ್ಟ ಶಕ್ತಿಯೆಲ್ಲ ಒಮ್ಮೆಗೇ ಚೆಲ್ಲಿದರೆ ಎಷ್ಟಾದೀತು ಎಂಬ ಊಹೆಯನ್ನು ಸ್ಪೀಕರುಗಳ ಸಂಖ್ಯೆಯಿಂದ ಗುಣಿಸಿ, ಮಾರಾಟಗಾರನಿಗೆ ತೋಚಿದಷ್ಟು ಸೇರಿಸಿದರೆ ಬರುವ ಫಲ ಅದು. ಅದನ್ನು ಅಳೆಯಲು ಒಪ್ಪಿತವಾದ ಕ್ರಮವೇ ಇಲ್ಲ. ಅಮೆರಿಕದಲ್ಲಿ ಇಂಥ ಉಬ್ಬಿಸಿದ ವಾಟುಗಳ ಕಾಟಕ್ಕೆ 1974ರಲ್ಲೇ ಅಲ್ಲಿನ ವ್ಯಾಪಾರ ಆಯೋಗ ಆಂಪ್ಲಿಫೈಯರುಗಳಿಗೆಂದೇ ಒಂದು ನಿಯಮ ತಂದಿತು, 2024ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ನಮ್ಮ ದೇಶದ 2012ರ ಕಡ್ಡಾಯ ನೋಂದಣಿ ಆದೇಶ ಈ ಬಗೆಯ ಸಾಮಾನನ್ನು ವಿಂಗಡಿಸಿದ್ದು 'ಇನ್‌ಪುಟ್ ಪವರ್' ಲೆಕ್ಕದಲ್ಲಿ: ಸಂಗೀತ ಯಂತ್ರಗಳಿಗೆ 200 ವಾಟ್ ಮೇಲ್ಪಟ್ಟು, ಆಂಪ್ಲಿಫೈಯರಿಗೆ 2,000 ವಾಟ್ ಮೇಲ್ಪಟ್ಟು. ಗೋಡೆಯಿಂದ ಎಳೆಯುವ ಕರೆಂಟು ಬೇರೆ, ಸ್ಪೀಕರಿಗೆ ಕೊಡುವ ಶಕ್ತಿ ಬೇರೆ ಎಂಬುದು ಕಾನೂನು ಬರೆದವರಿಗೆ ಗೊತ್ತಿತ್ತು. ಪೆಟ್ಟಿಗೆ ಅಚ್ಚು ಹಾಕಿಸುವವರಿಗೂ ಗೊತ್ತಿಲ್ಲದೆ ಏನಿಲ್ಲ.

ನಮ್ಮ ಕಡೆಯ ಮನೆಗಳಲ್ಲಿ ಬಹುಕಾಲ ಆಳಿದ್ದು ಬ್ರ್ಯಾಂಡಿನ ಮಾಲಲ್ಲ, ಜೋಡಿಸಿದ ಮಾಲು. ಬೆಂಗಳೂರಿನ ಎಸ್‌ಪಿ ರೋಡಿನಿಂದ ಬೋರ್ಡು, ಐಸಿ, ಟ್ರಾನ್ಸ್‌ಫಾರ್ಮರು ತಂದು, ಪ್ಲೈವುಡ್ಡಿನ ಡಬ್ಬಕ್ಕೆ ರೆಕ್ಸಿನ್ ಸುತ್ತಿ ಕೊಡುವ ರಿಪೇರಿ ಅಂಗಡಿಯವರನ್ನು ವಾಟಿನ ಬಗ್ಗೆ ಕೇಳಿದರೆ ಪಿಎಂಪಿಒ ಹೇಳುವುದಿಲ್ಲ. "12-0-12, ಐದು ಆಂಪ್ ಹಾಕೀನಿ" ಅನ್ನುತ್ತಾರೆ. ಇಡೀ ಪ್ರಶ್ನೆಗೆ ಅದಕ್ಕಿಂತ ಪ್ರಾಮಾಣಿಕವಾದ ಉತ್ತರ ನನಗೆ ಇನ್ನೂ ಸಿಕ್ಕಿಲ್ಲ. ಟ್ರಾನ್ಸ್‌ಫಾರ್ಮರಿನ ಎರಡು ತುದಿಗಳ ನಡುವೆ 24 ವೋಲ್ಟ್, ಅದನ್ನು ಐದು ಆಂಪಿಯರಿನಿಂದ ಗುಣಿಸಿದರೆ 120. ಆ ಡಬ್ಬಿ ಬಿಡುವಿಲ್ಲದೆ ಕೊಡಬಲ್ಲದ್ದು ಅದಕ್ಕಿಂತ ಹೆಚ್ಚಾಗಲಾರದು. ಒಳಗೆ ಕೂತಿರುವುದು ಹೆಚ್ಚಾಗಿ ಟಿಡಿಎ 2030 ಎಂಬ ಐಸಿ. ನಾಲ್ಕು ಓಮ್ ಸ್ಪೀಕರಿಗೆ ಅದು ಸ್ವಚ್ಛವಾಗಿ ಕೊಡುವುದು ಹದಿನಾಲ್ಕು ವಾಟಿನ ಆಸುಪಾಸು. ಅಂಥ ಐದಾರು ಐಸಿ ಸೇರಿಸಿ ಐವತ್ತು ಮನೆಗೆ ಕೇಳುವ ಹಾಗೆ ಗಣೇಶ ಹಬ್ಬ ಮಾಡಿದವರನ್ನು ನಾನು ಬಲ್ಲೆ.

ಹದಿನಾಲ್ಕು ವಾಟಿನ ಐದಾರು ಐಸಿಗಳಲ್ಲಿ ಹಬ್ಬ ಹೇಗಾಗುತ್ತದೆ ಎಂಬುದಕ್ಕೆ ಉತ್ತರ ಕಿವಿಯಲ್ಲಿದೆ. ಸಾಧಾರಣ ಸ್ಪೀಕರಿಗೆ ಒಂದೇ ಒಂದು ವಾಟ್ ಕೊಟ್ಟು ಒಂದು ಮೀಟರ್ ದೂರ ನಿಂತರೆ ಸುಮಾರು 88 ಡೆಸಿಬೆಲ್ ಶಬ್ದ ಕೇಳುತ್ತದೆ. ಮನೆಯೊಳಗಿನ ಮಾತುಕತೆ ಅರುವತ್ತರ ಹತ್ತಿರ. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಏರುವುದು ಮೂರೇ ಡೆಸಿಬೆಲ್, ಸದ್ದು ಎರಡು ಪಟ್ಟಾಯಿತು ಎಂದು ಕಿವಿಗೆ ಅನ್ನಿಸಬೇಕಾದರೆ ಶಕ್ತಿ ಹತ್ತು ಪಟ್ಟಾಗಬೇಕು. ಆದ್ದರಿಂದ 'ಕಾಂತಾರ'ದ ಕೊನೆಯ ಕೂಗಿನಂಥ ಜಾಗದಲ್ಲಿ ನೂರು ವಾಟಿನ ಆಂಪ್ಲಿಫೈಯರು ಅರೆಕ್ಷಣ ತನ್ನ ಪೂರ್ತಿ ಬಲ ತೋರಿಸಬಹುದು. ಅದರ ಹಿಂದು ಮುಂದಿನ ಎರಡೂವರೆ ಗಂಟೆ, ಮಾತಿನ ದೃಶ್ಯಗಳಲ್ಲಿ, ಅದು ಸ್ಪೀಕರಿಗೆ ಕೊಡುತ್ತಿರುವುದು ಒಂದೆರಡು ವಾಟ್. ಇದನ್ನು ಬಲ್ಲ ಅಂತರರಾಷ್ಟ್ರೀಯ ಮಾನದಂಡ ಐಇಸಿ 60065, ಯಂತ್ರದ ಕರೆಂಟು ಅಳೆಯುವಾಗ ಪೂರ್ತಿ ಸಾಮರ್ಥ್ಯದಲ್ಲಿ ಓಡಿಸಿ ಅಳೆಯಿರಿ ಎನ್ನಲಿಲ್ಲ. ಎಂಟನೇ ಒಂದು ಭಾಗದಲ್ಲಿ ಅಳೆಯಿರಿ ಎಂದಿತು. ಒಳ್ಳೆಯ ಎವಿ ರಿಸೀವರಿನ ಬೆನ್ನಿಗೆ 400 ಅಥವಾ 500 ವಾಟ್ ಎಂಬ ಚೀಟಿ ಇರುತ್ತದೆ. ಆ ಎಂಟನೇ ಒಂದು ಭಾಗವೂ ಅಕ್ಕಪಕ್ಕದವರು ಬಂದು ಬಾಗಿಲು ತಟ್ಟುವಷ್ಟು ಗಟ್ಟಿ. ನಾವು ಸಾಮಾನ್ಯವಾಗಿ ಕೇಳುವ ಮಟ್ಟದಲ್ಲಿ ಅದೇ ರಿಸೀವರು ಎಳೆಯುವುದು ಐವತ್ತರಿಂದ ತೊಂಬತ್ತು ವಾಟ್, ಅದರಲ್ಲೂ ಬಹುಪಾಲು ಸುಮ್ಮನೆ ಬಿಸಿಯಾಗಲು. ಡಿ ವರ್ಗದ ಆಂಪ್ಲಿಫೈಯರು ಇರುವ ಸೌಂಡ್ ಬಾರು ಈ ಬಿಸಿಯನ್ನು ಉಳಿಸಿ, ವೂಫರೂ ಸೇರಿ ಇಪ್ಪತ್ತರಿಂದ ನಲವತ್ತರಲ್ಲಿ ಮುಗಿಸುತ್ತದೆ.

ಅಂದರೆ ಹೋಮ್ ಥಿಯೇಟರಿನಲ್ಲಿ ಗದ್ದಲ ಮಾಡುವುದು ಕರೆಂಟು ತಿನ್ನುವುದಿಲ್ಲ. ತಿನ್ನುವುದು ಕಣ್ಣಿಗೆ ಕಾಣುವುದು, ಮೈಗೆ ತಂಪಾಗುವುದು ಮತ್ತು ಬಾಯಿ ಮುಚ್ಚಿಕೊಂಡು ಕೂತಿರುವುದು.

ಕಣ್ಣಿಗೆ ಕಾಣುವ ಪರದೆಯದು ಸರಳ ಲೆಕ್ಕ. ಐವತ್ತೈದು ಇಂಚಿನ ಎಲ್‌ಇಡಿ ಟಿವಿ 80ರಿಂದ 150 ವಾಟ್, ಬೆಳಕು ಹೆಚ್ಚಿಸಿದಷ್ಟೂ ಹೆಚ್ಚು. ದೀಪದ ಪ್ರೊಜೆಕ್ಟರಾದರೆ 250ರಿಂದ 350. ಸಂಡೂರು ಮತ್ತು ಹೊಸಪೇಟೆಯ ಕೆಲವು ದೊಡ್ಡ ಮನೆಗಳಲ್ಲಿ ಈ ಲೆಕ್ಕಕ್ಕೆ ಒಂದು ಚರಿತ್ರೆಯೂ ಇದೆ. 2008ರ ಬೀಜಿಂಗ್ ಒಲಿಂಪಿಕ್ಸಿಗೆ ಮುಂಚಿನ ವರ್ಷಗಳಲ್ಲಿ ಚೀನಾಕ್ಕೆ ನಮ್ಮ ಅದಿರು ಹೋಗುತ್ತಿತ್ತು, ಅದಿರಿನ ದುಡ್ಡಿನಲ್ಲಿ ಮನೆಗಳಿಗೆ ಮಹಡಿ ಏರುತ್ತಿತ್ತು, ಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ ಥಿಯೇಟರ್ ಆಗುತ್ತಿತ್ತು. ಆಗ ಪ್ರತಿಷ್ಠೆಯ ಪರದೆ ಎಂದರೆ ಪ್ಲಾಸ್ಮಾ. 42 ಇಂಚಿನದೇ 250 ವಾಟ್ ಮೀರುತ್ತಿತ್ತು, ಹತ್ತಿರ ಕೂತರೆ ಒಲೆಯ ಮುಂದೆ ಕೂತಂತೆ. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಲಾರಿಗಳು ನಿಂತವು. ಪ್ಲಾಸ್ಮಾ ಕೂಡ ಕೆಲವು ವರ್ಷಗಳಲ್ಲಿ ಮಾರುಕಟ್ಟೆಯಿಂದಲೇ ಮರೆಯಾಯಿತು. ಈಗ ಅದಕ್ಕಿಂತ ದೊಡ್ಡ ಪರದೆ ಅದರ ಅರ್ಧ ಕರೆಂಟಿನಲ್ಲಿ ಓಡುತ್ತದೆ. ಆದರೆ ಆ ಕಿಟಕಿಯಿಲ್ಲದ ಕೋಣೆ ಉಳಿದುಕೊಂಡಿದೆ. ಏಪ್ರಿಲ್ ತಿಂಗಳ ಬಳ್ಳಾರಿ ಸೀಮೆಯಲ್ಲಿ, ನಲವತ್ತು ಡಿಗ್ರಿ ದಾಟಿದ ಮೇಲೆ, ಎಸಿ ಇಲ್ಲದೆ ಆ ಕೋಣೆಯಲ್ಲಿ ಹಾಡು ಮುಗಿಯುವವರೆಗೂ ಕೂರಲಾಗದು. ಒಂದೂವರೆ ಟನ್ನಿನ ಎಸಿ ಪೂರ್ಣ ದುಡಿಮೆಯಲ್ಲಿ ಸುಮಾರು 1,500 ವಾಟ್. ಥಿಯೇಟರಿನ ಕರೆಂಟು ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಸ್ಪೀಕರ್ ಎಷ್ಟು ಎಂದಲ್ಲ, ಕೋಣೆಗೆ ಕಿಟಕಿ ಇದೆಯೇ ಎಂದು. ಸಂಡೂರಿನ ಕೆಂಪು ಧೂಳು ಪ್ರೊಜೆಕ್ಟರಿನ ಜಾಲರಿಗೆ ಮೆತ್ತಿಕೊಂಡರೆ ಅದರ ಫ್ಯಾನು ರೋದಿಸುವುದು ಬೇರೆ.

ಇನ್ನು ಅಳತೆ. ಊಹೆಯ ಅಂಕಿಗಳನ್ನು ನಂಬುವ ಬದಲು ನೋಡಿಯೇ ತಿಳಿಯಲು ನಾಲ್ಕು ದಾರಿಗಳಿವೆ. ಹಿಂಬದಿಯ ಚೀಟಿ ಓದುವುದು ಮೊದಲನೆಯದು, ಅದರ ಮಿತಿ ಹೇಳಿಯಾಯಿತು. ಎಲೆಕ್ಟ್ರಿಷಿಯನ್ ಹತ್ತಿರ ಇರುವ ಕ್ಲ್ಯಾಂಪ್ ಮೀಟರು ಎರಡನೆಯದು, ಅದು ಎಷ್ಟೋ ಜನರನ್ನು ಹೆದರಿಸಿದೆ. ತಂತಿ ಹಿಡಿದು ನೋಡಿದರೆ 1.2 ಆಂಪಿಯರ್ ತೋರಿಸುತ್ತದೆ, 230ರಿಂದ ಗುಣಿಸಿದರೆ 276. ನಿಜವಾದ ವಾಟ್ 180 ಮಾತ್ರ ಇರಬಹುದು. ಇಂಥ ಯಂತ್ರಗಳು ಕರೆಂಟನ್ನು ಅಲೆಯ ನೆತ್ತಿಯಲ್ಲಿ ಮಾತ್ರ ಗುಟುಕು ಗುಟುಕಾಗಿ ಹೀರುತ್ತವೆ, ಹಾಗಾಗಿ ಪವರ್ ಫ್ಯಾಕ್ಟರ್ 0.65ರ ಆಸುಪಾಸಿಗೆ ಇಳಿಯುತ್ತದೆ. ಮನೆಯ ಮೀಟರು ಎಣಿಸುವುದು ಆ 180ನ್ನೇ. ಇನ್ವರ್ಟರು ಮಾತ್ರ 276ನ್ನು ಹೊರಬೇಕು, ಅದಕ್ಕೇ ಅದರ ಮೇಲೆ ವಾಟ್ ಬರೆಯದೆ ವಿಎ ಎಂದು ಬರೆದಿರುತ್ತದೆ. ಪ್ಲಗ್ಗಿಗೂ ಗೋಡೆಗೂ ನಡುವೆ ಸಿಕ್ಕಿಸುವ ವಾಟ್ ಮೀಟರು ಮೂರನೆಯದು, ಇದ್ದರೆ ಬಲು ಅನುಕೂಲ.

ನಾಲ್ಕನೆಯದಕ್ಕೆ ಕಾಸು ಬೇಡ. ಜೆಸ್ಕಾಂ ಕೂರಿಸಿದ ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಕೆಂಪು ದೀಪ ಮಿಣಕುತ್ತಿರುತ್ತದೆ. ಪಕ್ಕದಲ್ಲಿ ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂದು ಬರೆದಿರುತ್ತದೆ, ಅನೇಕ ಮೀಟರುಗಳಲ್ಲಿ ಅದು 3200. ಹಾಗಿದ್ದರೆ ಲೆಕ್ಕ ಹೀಗೆ: ಒಂದು ಮಿಣುಕಿಗೂ ಇನ್ನೊಂದಕ್ಕೂ ನಡುವಿನ ಸೆಕೆಂಡುಗಳಿಂದ 1125ನ್ನು ಭಾಗಿಸಿದರೆ ಆ ಗಳಿಗೆಯ ವಾಟು ಬಂತು. ಮೀಟರಿನ ಮೇಲೆ 1600 ಎಂದಿದ್ದರೆ 1125ರ ಜಾಗದಲ್ಲಿ 2250. ಫ್ರಿಜ್ಜು, ಫ್ಯಾನು, ರೌಟರು, ಎಲ್ಲ ಆರಿಸಿ ಥಿಯೇಟರೊಂದನ್ನೇ ಹಚ್ಚಿ, ಮೊಬೈಲಿನ ಗಡಿಯಾರ ಹಿಡಿದು ಹತ್ತು ಮಿಣುಕು ಎಣಿಸಬೇಕು. ನಮ್ಮ ಮನೆಯಲ್ಲಿ ಹತ್ತು ಮಿಣುಕಿಗೆ 57 ಸೆಕೆಂಡ್ ಹಿಡಿಯಿತು. ಅಂದರೆ 197 ವಾಟ್. ಟಿವಿ, ರಿಸೀವರು, ಐದು ಸ್ಪೀಕರು, ವೂಫರು, ಸೆಟ್‌ಟಾಪ್ ಬಾಕ್ಸು, ಎಲ್ಲ ಸೇರಿ. ಧ್ವನಿಯನ್ನು ಸಹಿಸಲಾಗದಷ್ಟು ಏರಿಸಿದಾಗ ಅದು 230 ದಾಟಲಿಲ್ಲ. ಮನೆಯವರು ಕಿವಿ ಮುಚ್ಚಿಕೊಂಡು ಬೈದಿದ್ದು ಆ ಮೂವತ್ತು ವಾಟಿಗೆ.

ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ ತೊಂಬತ್ತು ಗಂಟೆ. 197 ವಾಟಿಗೆ ಹದಿನೆಂಟು ಯೂನಿಟ್ಟಿಗೆ ಚೂರು ಕಡಿಮೆ. ಯೂನಿಟ್ಟಿಗೆ ಸುಮಾರು ಆರು ರೂಪಾಯಿ ಎಂದು ಹಿಡಿದರೆ ನೂರಾ ಏಳು ರೂಪಾಯಿ. ಇಲ್ಲಿಗೆ ಲೆಕ್ಕ ನಿಲ್ಲಿಸುವವರೇ ಹೆಚ್ಚು. ಉಳಿದ ಇಪ್ಪತ್ತೊಂದು ಗಂಟೆ? ರಿಮೋಟಿನಲ್ಲಿ ಆರಿಸಿದ ಸೆಟ್‌ಟಾಪ್ ಬಾಕ್ಸನ್ನು ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಹಳೆಯ ಮಾದರಿಗಳು ಓಡುವಾಗ ಹನ್ನೆರಡು ವಾಟ್, ನಿದ್ದೆಯಲ್ಲಿ ಹತ್ತು. ವೂಫರು ಯಾವಾಗ ಸದ್ದು ಬಂದೀತೆಂದು ಎಂಟು ವಾಟಿನಲ್ಲಿ ಕಾಯುತ್ತಿರುತ್ತದೆ. ಇತರ ಚಿಲ್ಲರೆ ಸೇರಿ ಇಪ್ಪತ್ತು ವಾಟ್. ತಿಂಗಳಿಗೆ ಹನ್ನೆರಡೂವರೆ ಯೂನಿಟ್, ಎಪ್ಪತ್ತೈದು ರೂಪಾಯಿ. ನೋಡಿದ್ದಕ್ಕೆ ಹದಿನೆಂಟು, ನೋಡದೆ ಇದ್ದದ್ದಕ್ಕೆ ಹನ್ನೆರಡು. ಈ ಸೋರಿಕೆಯನ್ನು ಒಂದು ವಾಟಿಗೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 1999ರಲ್ಲಿ ಹೇಳಿತು. ಐರೋಪ್ಯ ಒಕ್ಕೂಟ 2010ರಿಂದ ಒಂದು ವಾಟಿನ, 2013ರಿಂದ ಅರ್ಧ ವಾಟಿನ ಮಿತಿ ಹಾಕಿತು. ಆದ್ದರಿಂದಲೇ ದೊಡ್ಡ ಕಂಪನಿಗಳ ಟಿವಿಗಳು ಈಗ ನಿಜವಾಗಿ ಮಲಗುತ್ತವೆ. ಸೆಟ್‌ಟಾಪ್ ಬಾಕ್ಸು ಮಲಗಿದಂತೆ ನಟಿಸುತ್ತದೆ. ಮಲಗುವ ಮುನ್ನ ಸ್ವಿಚ್ಚನ್ನು ಗೋಡೆಯಲ್ಲೇ ಆರಿಸುವ ಅಜ್ಜಂದಿರನ್ನು ನಾವು ಜಿಪುಣರೆಂದು ನಕ್ಕಿದ್ದೇವೆ.

ಎಪ್ಪತ್ತೈದು ರೂಪಾಯಿಗೆ ಇಷ್ಟು ರಾಮಾಯಣವೇ ಎನ್ನಬಹುದು. ಗೃಹಜ್ಯೋತಿ ಬರುವ ಮುಂಚೆ ನಾನೂ ಅನ್ನುತ್ತಿದ್ದೆ. 2023ರ ಜುಲೈಯಿಂದ ಜಾರಿಯಾದ ಈ ಯೋಜನೆಯಲ್ಲಿ ಇನ್ನೂರು ಯೂನಿಟ್ ಎಲ್ಲರಿಗೂ ಪುಕ್ಕಟೆಯಲ್ಲ. ಸಾಮಾನ್ಯವಾಗಿ 2022-23ರ ನಿಮ್ಮ ಸರಾಸರಿ ಬಳಕೆಗೆ ಶೇಕಡ ಹತ್ತು ಸೇರಿಸಿದರೆ ಬರುವುದು ನಿಮ್ಮ ಪಾಲು. ಪಾಲು ಮೀರಿ ಇನ್ನೂರರ ಒಳಗಿದ್ದರೆ ಮೀರಿದ್ದಕ್ಕಷ್ಟೇ ಬಿಲ್ಲು. ಇನ್ನೂರು ದಾಟಿದರೆ ಪೂರ್ತಿ ಬಿಲ್ಲು. ತಿಂಗಳಿಗೆ 180 ಯೂನಿಟ್ ಬಳಸಿ, ಅಷ್ಟೂ ಪಾಲಿನೊಳಗೇ ಇರುವ ಮನೆಗೆ ಮೂವತ್ತು ಯೂನಿಟ್ಟಿನ ಥಿಯೇಟರು ಬಂತೆನ್ನಿ. ಬಳಕೆ 210. ಥಿಯೇಟರಿನ ಖರ್ಚು ನೂರೆಂಬತ್ತು ರೂಪಾಯಿ ಅಲ್ಲ, 210 ಯೂನಿಟ್ಟಿಗೂ ಸೇರಿ ಸಾವಿರದ ಇನ್ನೂರ ಅರುವತ್ತು, ಅದರ ಮೇಲೆ ನಿಗದಿತ ಶುಲ್ಕ, ತೆರಿಗೆ. ಅದೇ ಮನೆಯವರು ರಾತ್ರಿ ಗೋಡೆಯ ಸ್ವಿಚ್ಚು ಆರಿಸಿದರೆ ಆ ಹನ್ನೆರಡು ಯೂನಿಟ್ ಉಳಿದು ಬಳಕೆ 198ಕ್ಕೆ ನಿಲ್ಲುತ್ತದೆ. ವಿದ್ಯುತ್ ಶಾಸ್ತ್ರದಲ್ಲಿ ಎಲ್ಲ ವಾಟೂ ಸಮ, ಬಿಲ್ಲಿನ ಶಾಸ್ತ್ರದಲ್ಲಿ ಅಲ್ಲ.

ಕಂಪ್ಲಿ ಕಡೆ ಹೋದರೆ ಪ್ರಶ್ನೆಯ ಮುಖವೇ ಬದಲಾಗುತ್ತದೆ. ಅಲ್ಲಿ ಬಿಲ್ಲಿಗಿಂತ ವೋಲ್ಟೇಜು ಮತ್ತು ಇನ್ವರ್ಟರಿನ ಚಿಂತೆ. ಲೈನಿನ ತುದಿಯ ಮನೆಗಳಲ್ಲಿ ಪಂಪುಗಳು ಓಡುವ ಹೊತ್ತಿಗೆ ವೋಲ್ಟೇಜು ಕುಸಿದರೆ, ಕಬ್ಬಿಣದ ಟ್ರಾನ್ಸ್‌ಫಾರ್ಮರಿರುವ ಹಳೆಯ ಆಂಪ್ಲಿಫೈಯರು ಗಂಟಲು ಕಟ್ಟಿದಂತೆ ಹಾಡುತ್ತದೆ, ಕಡಿಮೆ ಎಳೆಯುತ್ತದೆ. ಹೊಸ ಟಿವಿ ಹಾಗಲ್ಲ, ವೋಲ್ಟೇಜು ಇಳಿದಷ್ಟೂ ಆಂಪಿಯರ್ ಹೆಚ್ಚಿಸಿಕೊಂಡು ತನ್ನ ನೂರು ವಾಟನ್ನು ವಸೂಲಿ ಮಾಡಿಯೇ ತೀರುತ್ತದೆ. ಇನ್ವರ್ಟರಿನ ಲೆಕ್ಕಕ್ಕೆ 150 ಎಎಚ್ ಬ್ಯಾಟರಿ ತೆಗೆದುಕೊಳ್ಳೋಣ. ಹನ್ನೆರಡು ವೋಲ್ಟಿನಿಂದ ಗುಣಿಸಿದರೆ 1,800 ವಾಟ್-ಗಂಟೆ. ಬ್ಯಾಟರಿಯನ್ನು ಪೂರ್ತಿ ಹಿಂಡಬಾರದು, ಇನ್ವರ್ಟರೂ ತನ್ನ ಕಮಿಷನ್ ಹಿಡಿಯುತ್ತದೆ. ಕೈಗೆ ಸಿಗುವುದು ಒಂದು ಸಾವಿರಕ್ಕೆ ಸ್ವಲ್ಪ ಮೇಲೆ. ಥಿಯೇಟರೊಂದೇ ಆದರೆ ಐದು ಗಂಟೆ. 2025ರ ಜೂನ್ 3ರಂತಹ ರಾತ್ರಿ, ಆರ್‌ಸಿಬಿ ಹದಿನೆಂಟನೇ ವರ್ಷಕ್ಕೆ ಕಪ್ ಎತ್ತುವ ಪಂದ್ಯಕ್ಕೆ ಮನೆ ತುಂಬ ಜನ ಸೇರಿ, ಹಳೇ ನಮೂನೆಯ ಮೂರು ಫ್ಯಾನು, ನಾಲ್ಕು ದೀಪ ಕೂಡಿಕೊಂಡರೆ ಹೊರೆ 460 ವಾಟ್ ದಾಟಿ ಎರಡು ಗಂಟೆ ಚಿಲ್ಲರೆಯಲ್ಲಿ ಬ್ಯಾಟರಿ ಕೈಯೆತ್ತುತ್ತದೆ. ಟಿ-20 ಪಂದ್ಯಕ್ಕೆ ಮೂರೂವರೆ ಗಂಟೆ ಬೇಕು. ಆ ದಿನಕ್ಕೆ ರಿಸೀವರನ್ನು ಆರಿಸಿ ಟಿವಿಯ ಸ್ವಂತ ಸ್ಪೀಕರಿನಲ್ಲಿ ಕೇಳುವುದೇ ಲೇಸು.

ಕರೆಂಟಿನ ಲೆಕ್ಕವನ್ನು ನೀರಿನಲ್ಲಿ ಮಾಡಬಹುದಾದ ಊರುಗಳು ಕಡಿಮೆ, ಹೊಸಪೇಟೆ ಅಂಥದ್ದು. ತುಂಗಭದ್ರಾ ಅಣೆಕಟ್ಟೆಯ ಬುಡದ ಮತ್ತು ಹಂಪಿಯ ವಿದ್ಯುದಾಗಾರಗಳು ಎರಡೂ ಸೇರಿ 72 ಮೆಗಾವಾಟ್, ಅದರಲ್ಲಿ ಕರ್ನಾಟಕದ ಪಾಲು ಐದನೇ ಒಂದು. ಎಡದಂಡೆಯ ಮುನಿರಾಬಾದಿನದು 28 ಮೆಗಾವಾಟ್. ಕುಡತಿನಿಯ ಕಲ್ಲಿದ್ದಲ ಸ್ಥಾವರದ 1,700 ಮೆಗಾವಾಟಿನ ಮುಂದೆ ಇವು ಮಕ್ಕಳು. ಗ್ರಿಡ್ಡಿಗೆ ಸೇರಿದ ಮೇಲೆ ಯಾರ ಮನೆಗೆ ಯಾವ ಕರೆಂಟು ಎಂದು ಹೇಳುವಂತೆಯೂ ಇಲ್ಲ. ಆದರೂ ನಮ್ಮ ಥಿಯೇಟರು ಹೊಳೆಯ ನೀರಿನಿಂದಲೇ ಓಡುತ್ತದೆಂದು, ಆ ನೀರು 25 ಮೀಟರ್ ಇಳಿಯುತ್ತದೆಂದು ಇಟ್ಟುಕೊಂಡು ಲೆಕ್ಕ ಹಾಕಿದೆ. 200 ವಾಟಿಗೆ ಸೆಕೆಂಡಿಗೆ ಒಂದು ಲೀಟರ್ ನೀರು ಬೀಳಬೇಕು. ಮೂರು ಗಂಟೆಯ ಒಂದು ಸಿನಿಮಾಕ್ಕೆ 10,800 ಲೀಟರ್. ಹದಿನೈದು ಲೀಟರಿನ ಕೊಡದಲ್ಲಿ 720 ಕೊಡ. ಎಸಿ ಹಚ್ಚಿ ನೋಡಿದರೆ ಅದು ಆರು ಸಾವಿರ ಕೊಡ ದಾಟುತ್ತದೆ. ನೀರೇನೂ ಖರ್ಚಾಗುವುದಿಲ್ಲ, ಚಕ್ರ ತಿರುಗಿಸಿ ಕಾಲುವೆಗೆ ಬಿದ್ದು ಗದ್ದೆಗೆ ಹೋಗುತ್ತದೆ. ಆದರೂ ಈ ಲೆಕ್ಕ ಮಾಡಿದ ದಿನ ಜಾಹೀರಾತು ಬಂದಾಗ ಟಿವಿ ಆರಿಸಿ ಎದ್ದಿದ್ದೆ.

ಆ ಮಿಣುಕು ಎಣಿಸಿದ ರಾತ್ರಿ ಒಂದು ಬಾಕಿ ಉಳಿಯಿತು. ಥಿಯೇಟರಿನ ಅಳತೆ ಮುಗಿಸಿ ಅದನ್ನೂ ಗೋಡೆಯಲ್ಲೇ ಆರಿಸಿದ್ದೆ. ಮನೆಯಲ್ಲಿ ಏನೂ ಉರಿಯುತ್ತಿರಲಿಲ್ಲ. ಮೀಟರಿನ ಮುಂದೆ ನಿಂತೆ. ಅರ್ಧ ನಿಮಿಷ, ಒಂದು ನಿಮಿಷ, ಮತ್ತೆ ಮಿಣುಕಿತು. ಮುಂದಿನದಕ್ಕೆ ಕಾದೆ. 75 ಸೆಕೆಂಡ್. 1125ನ್ನು 75ರಿಂದ ಭಾಗಿಸಿದರೆ ಹದಿನೈದು ವಾಟ್. ಅಡುಗೆಮನೆ, ಬಚ್ಚಲು, ಮೇಲಿನ ಟ್ಯಾಂಕು, ಎಲ್ಲ ಹುಡುಕಿದೆ. ಕೊನೆಗೆ ಕಂಡಿದ್ದು ದೇವರ ಮನೆಯಲ್ಲಿ, ಫೋಟೊಗಳ ಮೇಲೆ ವರ್ಷಗಟ್ಟಲೆಯಿಂದ ಹಗಲು ರಾತ್ರಿ ಉರಿಯುತ್ತಿದ್ದ ಕೆಂಪು ಬಲ್ಬು. ತಿಂಗಳಿಗೆ ಹನ್ನೊಂದು ಯೂನಿಟ್ಟಿನ ಹತ್ತಿರ. ಅಮ್ಮನಿಗೆ ಹೇಳಿದೆ. ಅವರು ಬತ್ತಿ ಹೊಸೆಯುತ್ತಾ ತಲೆಯೆತ್ತದೆ ಅಂದರು: "ಅದು ಜೀರೊ ಬಲ್ಬಪ್ಪಾ, ಅದಕ್ಕೆಲ್ಲಿ ಕರೆಂಟು ಬೀಳ್ತೈತೆ?"